ಎಂಜಿನ್ ಬಲಪಡಿಸಿದ ಎಂಜಿಬಿ ರೋಡ್‌ಸ್ಟರ್: ನಾಲ್ಕರಲ್ಲಿ ನಿಮಗೆ ಹೊಂದುವುದು ಯಾವುದು?

ಬೇಸಿಗೆ ಹತ್ತಿರವಾದಂತೆ ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. “ಟಾಪ್ ತೆಗೆದು ಓಡಿಸುವಂಥ ಹಳೇ ಕಾರೊಂದನ್ನು ತಗೋಬೇಕು ಅಂತಿದ್ದೇನೆ. ಎಂಜಿಬಿ ಇಷ್ಟವಾಗಿದೆ. ಮಾಮೂಲಿ ಎಂಜಿನ್‌ನದ್ದೊಂದು ನೋಡಿದೆ, ಎಂಜಿನ್ ಬಲಪಡಿಸಿದ್ದು ಒಂದಿದೆ, ವಿ8 ಕೂರಿಸಿದ್ದು ಇನ್ನೊಂದಿದೆ. ಯಾವುದಕ್ಕೆ ಕೈ ಹಾಕಲಿ?” ಒಂದು ಸಾಲಿನಲ್ಲಿ ಉತ್ತರ ಹೇಳಿದರೆ ನಿಮ್ಮ ಹಣಕ್ಕೆ ಅನ್ಯಾಯ ಮಾಡಿದಂತೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಎಂಜಿ ಎಂದರೆ ಭಾರತದಲ್ಲಿ ಈಗ ಹೆಕ್ಟರ್ ನೆನಪಾಗುತ್ತದೆ. ಆದರೆ ಎಂಜಿಬಿ ಹುಟ್ಟಿದ್ದು ಆಕ್ಸ್‌ಫರ್ಡ್ ಬಳಿಯ ಆಬಿಂಗ್‌ಡನ್ ಕಾರ್ಖಾನೆಯಲ್ಲಿ, 1962ರಲ್ಲಿ. ಅಲ್ಲಿಂದ 1980ರವರೆಗೆ ಟಾಪ್ ತೆಗೆಯಬಹುದಾದ ರೋಡ್‌ಸ್ಟರ್ ಮತ್ತು ಮುಚ್ಚಿದ ಜಿಟಿ ಸೇರಿ ಐದು ಲಕ್ಷಕ್ಕೂ ಹೆಚ್ಚು ಗಾಡಿ ಹೊರಬಂದವು, ಬಹುಪಾಲು ಅಮೆರಿಕಕ್ಕೆ ಹೋದವು. ಅಷ್ಟು ಸಂಖ್ಯೆಯಲ್ಲಿ ತಯಾರಾದದ್ದರಿಂದಲೇ ಇವತ್ತಿಗೂ ಇದರ ಬಿಡಿಭಾಗ ಸಿಗದೆ ಗಾಡಿ ನಿಂತಿತು ಎನ್ನುವ ಮಾತು ಅಪರೂಪ. ಪೂರ್ತಿ ಹೊಸ ಬಾಡಿ ಶೆಲ್ ಕೂಡ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರಿಂದ 1988ರಿಂದ ಸಿಗುತ್ತಿದೆ. ಮೊದಲ ಸಲ ಹಳೇ ಕಾರು ಕೊಳ್ಳುವವರಿಗೆ ನಾನು ಎಂಜಿಬಿ ಹೇಳುವುದು ಈ ಕಾರಣಕ್ಕೇ.

ತೊಡಕಿರುವುದು ಜಾಹೀರಾತಿನಲ್ಲಿ. ಎಂಜಿಬಿ ರೋಡ್‌ಸ್ಟರ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಸ್ವಭಾವದ ಗಾಡಿಗಳು ಮಾರಾಟಕ್ಕೆ ಇರುತ್ತವೆ: ಕಂಪನಿಯ 1,798 ಸಿಸಿ ಎಂಜಿನ್ ಹಾಗೇ ಇರುವುದು, ಅದೇ ಎಂಜಿನನ್ನು ಕೊರೆದು ಬಲಪಡಿಸಿದ್ದು, ಎಂಜಿನನ್ನೇ ತೆಗೆದು ರೋವರ್ ಕಂಪನಿಯ ಎಂಟು ಸಿಲಿಂಡರಿನ ವಿ8 ಕೂರಿಸಿದ್ದು, ಮತ್ತೆ 1990ರ ದಶಕದಲ್ಲಿ ಕಂಪನಿಯೇ ವಿ8 ಹಾಕಿ ಮಾಡಿದ ಆರ್‌ವಿ8.

ಅಶ್ವಶಕ್ತಿಗಿಂತ ಮೊದಲು ನೋಡಬೇಕಾದ್ದು

ಎಂಜಿಬಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ರೋಡ್‌ಸ್ಟರ್‌ನಲ್ಲಿ ಮೇಲೆ ಛಾವಣಿಯೂ ಇಲ್ಲದ್ದರಿಂದ ಗಾಡಿ ನಡುವೆ ಬಗ್ಗದಂತೆ ಹಿಡಿದಿಡುವ ಹೊರೆ ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ. ಈ ಸಿಲ್ ಒಂದೇ ತಗಡಲ್ಲ. ಹೊರಗಿನದು, ಒಳಗಿನದು, ನಡುವಿನ ಪದರ ಹೀಗೆ ಹಲವು ತಗಡು ಸೇರಿ ಪೆಟ್ಟಿಗೆಯಂತಾಗಿದೆ. ನೀರು ಒಳಗೆ ನಿಂತು ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ, ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ದೇಶ ಇದು. ಹಳೆಯ ಸಿಲ್ ಮೇಲೆ ಹೊಸ ತಗಡು ಮುಚ್ಚಿ ವೆಲ್ಡ್ ಮಾಡಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಮಾರುವುದು ಇಲ್ಲಿ ಎಷ್ಟೋ ವರ್ಷದಿಂದ ನಡೆದುಬಂದಿದೆ.

ಪರೀಕ್ಷೆ ಸುಲಭ. ಬಾಗಿಲ ಸುತ್ತಲಿನ ಸಂದನ್ನು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಗಾಡಿ ನಡುವಿನಲ್ಲಿ ಕುಸಿಯುತ್ತಿದೆ ಎಂದರ್ಥ. ಮಾಲೀಕರ ಒಪ್ಪಿಗೆ ಪಡೆದು ಒಂದು ಬದಿಗೆ ಜ್ಯಾಕ್ ಕೊಟ್ಟು ಎತ್ತಿಸಿ, ಆಗಲೂ ಬಾಗಿಲು ಸಲೀಸಾಗಿ ತೆರೆದು ಮುಚ್ಚಬೇಕು. ಚಿಕ್ಕ ಅಯಸ್ಕಾಂತವೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಸಿಲ್, ಬಾಗಿಲ ಹಿಂದಿನ ಮೂಲೆ, ಹಿಂಚಕ್ರದ ಕಮಾನುಗಳ ಮೇಲೆ ಆಡಿಸಿ. ಅಂಟಿಕೊಳ್ಳದ ಕಡೆ ಪುಟ್ಟಿಯಿದೆ.

ಎರಡೂ ಬದಿಯ ಸಿಲ್‌ಗಳನ್ನು ಸರಿಯಾಗಿ ಬದಲಾಯಿಸಬೇಕೆಂದರೆ ಮುಂದಿನ ರೆಕ್ಕೆ (ಮಡ್‌ಗಾರ್ಡ್) ಬಿಚ್ಚಬೇಕು, ಹಿಂದಿನ ರೆಕ್ಕೆಯ ಕೆಳಭಾಗ ಕತ್ತರಿಸಬೇಕು, ಕೊನೆಗೆ ಬಣ್ಣ ಬೇರೆ. ಇಲ್ಲಿನ ಕೂಲಿಯ ದರದಲ್ಲಿ ಅದರ ಬಿಲ್ಲು ಎಂಜಿಬಿಯ ಮಾಮೂಲಿ ಎಂಜಿನ್ನಿಗೆ ಮಾಡಿಸುವ ಒಂದು ಒಳ್ಳೆಯ ಕೆಲಸದ ಬಿಲ್ಲನ್ನು ಮೀರಿಸುತ್ತದೆ. ಆದ್ದರಿಂದ ಗಟ್ಟಿ ಬಾಡಿಯ ಸೋತ ಎಂಜಿನ್ ಕೊಳ್ಳಬಹುದು, ಗಟ್ಟಿ ಎಂಜಿನ್ನಿನ ಸೋತ ಬಾಡಿ ಕೊಳ್ಳಬಾರದು. ವಿ8 ಇರಲಿ, ಎಂಟಾಣೆಯ ಎಂಜಿನ್ ಇರಲಿ, ಈ ಮಾತು ಬದಲಾಗುವುದಿಲ್ಲ. ಬಲವಾದ ಎಂಜಿನ್ ಇದ್ದರಂತೂ ಬಾಡಿಯ ಮೇಲಿನ ಎಳೆತ ಇನ್ನೂ ಹೆಚ್ಚು.

ಎರಡನೆಯ ಅಳತೆಗೋಲು, ಮಾರ್ಪಾಡು ಎಷ್ಟು ಪೂರ್ತಿಯಾಗಿದೆ ಎಂಬುದು. ಎಂಜಿನ್ ಬಲ ಹೆಚ್ಚಿದರೆ ಅದರ ಹಿಂದೆಯೇ ಬ್ರೇಕು, ರೇಡಿಯೇಟರ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸಸ್ಪೆನ್ಷನ್ ಎಲ್ಲ ಬದಲಾಗಬೇಕು. ಎಂಜಿನ್ ಒಂದಕ್ಕೇ ದುಡ್ಡು ಸುರಿದು ಉಳಿದದ್ದನ್ನು ಮರೆತ ಗಾಡಿಯ ಉಳಿದ ಖರ್ಚನ್ನು ನೀವೇ ಹೊರಬೇಕಾಗುತ್ತದೆ. ಮೂರನೆಯದು ಕಾಗದ ಪತ್ರ. ನಾಲ್ಕನೆಯದು ನಿಮ್ಮ ಬಳಕೆ: ಊರೊಳಗಿನ ಸುತ್ತಾಟವೋ, ಸ್ಕಾಟ್ಲೆಂಡ್‌ವರೆಗಿನ ಪ್ರಯಾಣವೋ, ನಿಲ್ಲಿಸಲು ಗ್ಯಾರೇಜ್ ಇದೆಯೋ ಇಲ್ಲವೋ, ಸ್ಪ್ಯಾನರ್ ಹಿಡಿಯುವ ಆಸೆ ಇದೆಯೋ ಇಲ್ಲವೋ. ಇನ್ನೊಂದನ್ನು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ: ರೋಡ್‌ಸ್ಟರ್‌ಗೆ ಸೀಟು ಎರಡೇ. ಮಕ್ಕಳನ್ನು ಹಿಂದೆ ಕೂರಿಸಲು ಜಾಗವಿಲ್ಲ.

ಮಾಮೂಲಿ 1,798 ಸಿಸಿ

ಬಿ-ಸೀರೀಸ್ ಎಂದು ಕರೆಯುವ ಎರಕದ ಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಆರಂಭದ ದಿನಗಳಲ್ಲಿ 95 ಅಶ್ವಶಕ್ತಿ. ಇವತ್ತಿನ ಲೆಕ್ಕಕ್ಕೆ ಕಡಿಮೆಯೇ. ಗಂಟೆಗೆ 60 ಮೈಲಿ ಮುಟ್ಟಲು ಹನ್ನೆರಡು ಸೆಕೆಂಡಿನಷ್ಟು ಬೇಕು. ಆದರೆ ಗಾಡಿಯ ತೂಕ ಒಂದು ಟನ್ನಿಗಿಂತ ಕಡಿಮೆ, ಕೂತರೆ ನೆಲಕ್ಕೆ ಹತ್ತಿರ, ಗಾಳಿ ಮುಖಕ್ಕೆ. 50 ಮೈಲಿ ವೇಗದಲ್ಲೇ ಓಡಿಸಿದ ಸುಖ ಸಿಗುತ್ತದೆ, ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುವುದಿಲ್ಲ. ಕಾಟ್ಸ್‌ವೋಲ್ಡ್‌ನ ಹಳ್ಳಿ ರಸ್ತೆಗೆ ಇದಕ್ಕಿಂತ ಹೆಚ್ಚು ಬೇಕೆಂದು ನನಗನಿಸಿಲ್ಲ.

ಕ್ರ್ಯಾಂಕ್‌ಶಾಫ್ಟ್‌ಗೆ 1964ರವರೆಗೆ ಮೂರು ಮುಖ್ಯ ಬೇರಿಂಗ್ ಇದ್ದವು, ಆಮೇಲೆ ಐದಾದವು. ದಿನಬಳಕೆಗೆ ಐದು ಬೇರಿಂಗಿನದೇ ಗಟ್ಟಿ. 1967ರ ಮಾರ್ಕ್ 2ರಿಂದ ಮೊದಲ ಗೇರಿಗೂ ಸಿಂಕ್ರೋಮೆಶ್ (ಗೇರ್ ಕರಕರ ಅನ್ನದೆ ಬೀಳುವ ಏರ್ಪಾಡು) ಬಂತು, ಹಿಂದಿನ ಆಕ್ಸಲ್ ಗಟ್ಟಿಯಾಯಿತು. ಇದಕ್ಕಿಂತ ಹಿಂದಿನವು ಸಂಗ್ರಹಕಾರರಿಗೆ ಪ್ರಿಯ, ಬೆಲೆಯೂ ಜಾಸ್ತಿ. ಓಡಿಸುವ ಆಸೆಯವರಿಗೆ 1967ರಿಂದ 1974ರವರೆಗಿನ ಕ್ರೋಮ್ ಬಂಪರ್ ಗಾಡಿಗಳೇ ಹದ.

1974ರ ಕೊನೆಯಲ್ಲಿ ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ ದೊಡ್ಡ ಕಪ್ಪು ರಬ್ಬರ್ ಬಂಪರ್ ಬಂತು, ಗಾಡಿಯ ಎತ್ತರವನ್ನು ಒಂದೂವರೆ ಇಂಚಿನಷ್ಟು ಏರಿಸಿದರು. ತಿರುವಿನಲ್ಲಿ ವಾಲುವುದು ಹೆಚ್ಚಾಯಿತು. 1977ರ ಮಾದರಿಯಿಂದ ಹಿಂದೆಯೂ ಆ್ಯಂಟಿ-ರೋಲ್ ಬಾರ್ ಕೊಟ್ಟು ಅದನ್ನು ತಕ್ಕಮಟ್ಟಿಗೆ ತಿದ್ದಿದರು. ನೋಟ ಎಲ್ಲರಿಗೂ ಹಿಡಿಸುವುದಿಲ್ಲ, ಹಾಗಾಗಿ ಬೆಲೆ ಕಡಿಮೆ. ಓಡಿಸಬಹುದಾದ ರಬ್ಬರ್ ಬಂಪರ್ ರೋಡ್‌ಸ್ಟರ್ ಸುಮಾರು 5,000ದಿಂದ 8,000 ಪೌಂಡಿಗೆ ಸಿಕ್ಕರೆ, ಅದೇ ಸ್ಥಿತಿಯ ಕ್ರೋಮ್ ಬಂಪರಿಗೆ ಹತ್ತು ಸಾವಿರದ ಆಚೆ ಈಚೆ ಕೇಳುತ್ತಾರೆ. ರಬ್ಬರ್ ಬಂಪರ್ ಅಂದರೆ ಮೂಗು ಮುರಿಯಬೇಡಿ. ವಿ8 ವಿಷಯಕ್ಕೆ ಬಂದಾಗ ಇದೇ ಗಾಡಿ ಮುಂದೆ ನಿಲ್ಲುತ್ತದೆ.

ಮಾಮೂಲಿ ಗಾಡಿ ಕೊಳ್ಳುವವರು ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ನಿನ ಸುತ್ತು ಇಳಿಸುವ, ಸ್ವಿಚ್ಚಿನಿಂದ ಹಾಕುವ ಹೆಚ್ಚುವರಿ ಗೇರು) ಇರುವುದನ್ನೇ ಹುಡುಕಿ. ಅದಿಲ್ಲದಿದ್ದರೆ ಮೋಟಾರ್‌ವೇ ಮೇಲೆ 70 ಮೈಲಿ ವೇಗದಲ್ಲಿ ಎಂಜಿನ್ 4,000 ಸುತ್ತಿನ ಹತ್ತಿರ ಅರಚುತ್ತಿರುತ್ತದೆ. ಓವರ್‌ಡ್ರೈವ್ ಹಾಕಿದರೆ 3,200ರ ಆಸುಪಾಸಿಗೆ ಇಳಿಯುತ್ತದೆ. 1975ರವರೆಗೆ ಇದು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾದದ್ದು, ಆಮೇಲೆ ಎಲ್ಲ ಗಾಡಿಗೂ ಬಂತು. ಓಡಿಸಿ ನೋಡುವಾಗ ಸ್ವಿಚ್ ಒತ್ತಿ ಆರ್‌ಪಿಎಂ ಇಳಿಯುವುದನ್ನು ಕಣ್ಣಾರೆ ನೋಡಿ.

ಅದೇ ಎಂಜಿನ್, ಬಲ ಹೆಚ್ಚು

ಜಾಹೀರಾತಿನಲ್ಲಿ ‘ಫಾಸ್ಟ್ ರೋಡ್’, ‘ಸ್ಟೇಜ್ 2’ ಎಂದೆಲ್ಲ ಬರೆದಿರುತ್ತದೆ. ಸಿಲಿಂಡರ್ ಕೊರೆದು 1,868 ಅಥವಾ 1,950 ಸಿಸಿ ಮಾಡಿರುತ್ತಾರೆ, ಹೆಡ್ಡಿನ ದಾರಿಗಳನ್ನು ಉಜ್ಜಿ ನಯಗೊಳಿಸಿ ದೊಡ್ಡ ವಾಲ್ವ್ ಹಾಕಿರುತ್ತಾರೆ, ಕ್ಯಾಮ್‌ಶಾಫ್ಟ್ ಬೇರೆ, ಇಗ್ನಿಷನ್ ಎಲೆಕ್ಟ್ರಾನಿಕ್. ಹದವಾಗಿ ಮಾಡಿದ್ದರೆ 110ರಿಂದ 130 ಅಶ್ವಶಕ್ತಿ.

ಈ ಆಯ್ಕೆಯ ಒಳ್ಳೆಯ ಗುಣವೆಂದರೆ ಗಾಡಿ ಎಂಜಿಬಿಯಾಗಿಯೇ ಉಳಿಯುತ್ತದೆ. ಬಾನೆಟ್ ಎತ್ತಿದರೆ ಅದೇ ಎಂಜಿನ್, ಅದೇ ತೂಕ, ಅದೇ ಬಿಡಿಭಾಗ. ಬ್ರೇಕಿಗೆ ಒಳ್ಳೆಯ ಪ್ಯಾಡ್, ಸ್ವಲ್ಪ ಗಟ್ಟಿ ಸ್ಪ್ರಿಂಗ್ ಇದ್ದರೆ ಸಾಕು. ಕಾನೂನಿನ ತೊಡಕೂ ಇಲ್ಲ, ಆ ವಿಷಯ ಮುಂದೆ ಬರುತ್ತದೆ.

ಕೆಡುವುದು ಅತಿಯಾಸೆಯಲ್ಲಿ. ರೇಸಿಗೆ ಹೊಂದುವ ಕ್ಯಾಮ್ ಹಾಕಿದ್ದರೆ 3,000 ಸುತ್ತು ದಾಟುವವರೆಗೆ ಎಂಜಿನ್ನಿಗೆ ಜೀವವೇ ಇರುವುದಿಲ್ಲ. ಟ್ರಾಫಿಕ್ಕಿನಲ್ಲಿ ನಿಂತರೆ ಕುಲುಕಾಡುತ್ತದೆ, ಆಗಾಗ ನಿಂತೇಹೋಗುತ್ತದೆ. ಊರೊಳಗೆ ಓಡಿಸುವವರಿಗೆ ಅದು ಶಿಕ್ಷೆ. ಮಾರುವವರು ಅಶ್ವಶಕ್ತಿಯ ಸಂಖ್ಯೆ ಹೇಳಿದರೆ ರೋಲಿಂಗ್ ರೋಡ್ ಚೀಟಿ (ಉರುಳೆಗಳ ಮೇಲೆ ಗಾಡಿ ಓಡಿಸಿ ಬಲ ಅಳೆದ ವರದಿ) ಕೇಳಿ, ಅದರಲ್ಲಿ ಗರಿಷ್ಠ ಸಂಖ್ಯೆ ಬಿಟ್ಟು 2,000 ಸುತ್ತಿನಲ್ಲಿ ಟಾರ್ಕ್ ಎಷ್ಟಿದೆ ಎಂದು ನೋಡಿ. ಯಾರು ಕೆಲಸ ಮಾಡಿದರು, ಕ್ಯಾಮ್ ಯಾವುದು, ಪಿಸ್ಟನ್ ಅಳತೆ ಎಷ್ಟು, ಗಟ್ಟಿ ವಾಲ್ವ್ ಸೀಟ್ ಹಾಕಿದ್ದಾರೆಯೇ ಎಂಬುದಕ್ಕೆ ಬಿಲ್ಲು ಇರಬೇಕು. ಬ್ರಿಟನ್‌ನಲ್ಲಿ ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ 2000ದಿಂದ ನಿಂತಿದೆ. ಗಟ್ಟಿ ಸೀಟ್ ಇಲ್ಲದಿದ್ದರೆ ಪ್ರತಿ ಟ್ಯಾಂಕಿಗೂ ಸೀಸದ ಬದಲಿ ದ್ರಾವಣ ಸುರಿಯುತ್ತಿರಬೇಕು. 2021ರಿಂದ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಇ10. ಎಥೆನಾಲ್ ಹೆಚ್ಚಿರುವ ಇದಕ್ಕೆ ಹಳೇ ರಬ್ಬರ್ ಪೈಪುಗಳು ತಡೆಯುವುದಿಲ್ಲ, ಕಾರ್ಬುರೇಟರ್ ಸೀಲ್ ಕೂಡ ಹಾಳಾಗುತ್ತದೆ. ಸೂಪರ್ ಪೆಟ್ರೋಲ್ ಅಂದರೆ ಇ5 ಹಾಕುವುದು ವಾಸಿ, ಆ ಖರ್ಚು ಲೆಕ್ಕದಲ್ಲಿರಲಿ.

ಇಂಥ ಗಾಡಿಗಳಲ್ಲಿ ಫೋರ್ಡ್ ಸಿಯೆರಾದ ಟೈಪ್ 9 ಐದು ಗೇರಿನ ಬಾಕ್ಸ್ ಹೆಚ್ಚಾಗಿ ಕಾಣುತ್ತದೆ. ಗೇರ್ ಬೀಳುವುದು ಹಗುರ, ಶಬ್ದ ಕಡಿಮೆ. ಆದರೆ ಮೋಟಾರ್‌ವೇ ಮೇಲೆ ಅದು ಕೊಡುವ ಲಾಭ ಹೆಚ್ಚೂಕಡಿಮೆ ಓವರ್‌ಡ್ರೈವ್ ಕೊಡುವಷ್ಟೇ. ಓವರ್‌ಡ್ರೈವ್ ಸರಿಯಾಗಿ ಕೆಲಸ ಮಾಡುವ ಗಾಡಿ ಒಂದು ಕಡೆ, ಐದು ಗೇರಿನದು ಸಾವಿರಾರು ಪೌಂಡ್ ಹೆಚ್ಚಿಗೆ ಇನ್ನೊಂದು ಕಡೆ ಇದ್ದರೆ, ನಾನು ಓವರ್‌ಡ್ರೈವ್ ಕೊಂಡು ಉಳಿದ ಹಣವನ್ನು ಬಾಡಿಗೆ ಹಾಕುತ್ತೇನೆ.

ವಿ8 ಕೂರಿಸಿದ್ದು

ಮನಸ್ಸು ಜಾರುವುದು ಇಲ್ಲೇ. ಆ ಎಂಟು ಸಿಲಿಂಡರಿನ ಸದ್ದು ಕೇಳಿದ ಮೇಲೆ ಬಾಡಿ ನೋಡುವ ಸಹನೆ ಉಳಿಯುವುದಿಲ್ಲ. ದಯವಿಟ್ಟು ಉಳಿಸಿಕೊಳ್ಳಿ.

ಇದಕ್ಕೊಂದು ಗಟ್ಟಿ ಹಿನ್ನೆಲೆಯಿದೆ. ರೋವರ್ ವಿ8 ಮೂಲದಲ್ಲಿ ಅಮೆರಿಕದ ಬ್ಯುಯಿಕ್‌ನದು, ಪೂರ್ತಿ ಅಲ್ಯೂಮಿನಿಯಂ. 3,528 ಸಿಸಿ ಇದ್ದರೂ ಕಬ್ಬಿಣದ ಬಿ-ಸೀರೀಸ್‌ಗಿಂತ ತೂಕದಲ್ಲಿ ಅಲ್ಪ ಸ್ವಲ್ಪ ಮಾತ್ರ ಹೆಚ್ಚು. ಎಂಜಿಬಿಯ ಮೂಗಿನಲ್ಲಿ ಮೂರು ಲೀಟರಿನ ಭಾರದ ಆರು ಸಿಲಿಂಡರ್ ಎಂಜಿನ್ ಇಟ್ಟು 1967ರಲ್ಲಿ ಎಂಜಿಸಿ ತಂದ ಕಂಪನಿ ಮುಂಭಾರದ ದೂರು ಕೇಳಬೇಕಾಯಿತು, 1969ಕ್ಕೆ ಅದನ್ನು ನಿಲ್ಲಿಸಿತು. ಎಪ್ಪತ್ತರ ದಶಕದ ಆರಂಭದಲ್ಲಿ ಕೆನ್ ಕಾಸ್ಟೆಲ್ಲೊ ಎಂಬವರು ಎಂಜಿಬಿಗಳಿಗೆ ರೋವರ್ ವಿ8 ಕೂರಿಸಿ ಮಾರತೊಡಗಿದರು. ಕಂಪನಿ ಅದನ್ನು ಗಮನಿಸಿ 1973ರಲ್ಲಿ ತಾನೇ ಎಂಜಿಬಿ ಜಿಟಿ ವಿ8 ತಂದಿತು. 137 ಅಶ್ವಶಕ್ತಿ, ಗಂಟೆಗೆ 120 ಮೈಲಿ ದಾಟುವ ವೇಗ. 1976ರವರೆಗೆ 2,591 ಗಾಡಿ ಮಾತ್ರ ಆದವು, ಎಲ್ಲವೂ ಮುಚ್ಚಿದ ಜಿಟಿಗಳು. ಅಂದರೆ 1980ಕ್ಕೆ ಮೊದಲಿನ ರೋಡ್‌ಸ್ಟರ್‌ನಲ್ಲಿ ವಿ8 ಇದೆ ಎಂದರೆ ಅದು ಆಬಿಂಗ್‌ಡನ್ ಮಾಡಿದ್ದಲ್ಲ, ಯಾರೋ ಆಮೇಲೆ ಕೂರಿಸಿದ್ದು. “ಕಂಪನಿ ವಿ8 ರೋಡ್‌ಸ್ಟರ್” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಯಾರು ಕೂರಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ರಬ್ಬರ್ ಬಂಪರ್ ಗಾಡಿಗಳ ಎಂಜಿನ್ ಕೋಣೆಯ ಒಳಗೋಡೆಗಳನ್ನು ಕಂಪನಿಯೇ ವಿ8ಗೆ ಹೊಂದುವಂತೆ ಮಾಡಿತ್ತು, 1977ರ ಮಾದರಿಯಿಂದ ರೇಡಿಯೇಟರನ್ನೂ ಮುಂದಕ್ಕೆ ಸರಿಸಿತ್ತು. ಆ ಗಾಡಿಗಳಲ್ಲಿ ವಿ8 ಕೂರಿಸಲು ಕತ್ತರಿಸುವುದು ಕಡಿಮೆ. ಕ್ರೋಮ್ ಬಂಪರ್ ಬಾಡಿಯಾದರೆ ಒಳಗೋಡೆ ತಟ್ಟಿ, ಕತ್ತರಿಸಿ ಜಾಗ ಮಾಡಬೇಕು. ಅದು ನಾಜೂಕಾಗಿ ಆಗಿದೆಯೇ, ಸುತ್ತಿಗೆಯಲ್ಲಿ ಬಡಿದು ಬಿಟ್ಟಿದ್ದಾರೆಯೇ ಎಂದು ಬಾನೆಟ್ ಎತ್ತಿದ ಕೂಡಲೇ ತಿಳಿಯುತ್ತದೆ. ನೋಟಕ್ಕೆ ಕ್ರೋಮ್ ಬೇಕು ಎನ್ನುವವರಿಗಾಗಿಯೇ ರಬ್ಬರ್ ಬಂಪರ್ ಗಾಡಿಗೆ ಕ್ರೋಮ್ ಬಂಪರ್ ಹಾಕಿ, ಎತ್ತರ ಇಳಿಸಿದ ವಿ8ಗಳೂ ಇವೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬುದ್ಧಿವಂತಿಕೆಯ ಕೊಳ್ಳುವಿಕೆ ಅಂಥವೇ.

ಮಾಮೂಲಿ ಹಿಂದಿನ ಆಕ್ಸಲ್‌ನ ಅನುಪಾತ 3.909. ಕಂಪನಿಯ ವಿ8ಗೆ 3.07 ಕೊಟ್ಟಿದ್ದರು. ಹಳೇ ಅನುಪಾತದಲ್ಲೇ ವಿ8 ಓಡಿಸಿದರೆ ಮೊದಲ ಗೇರು ಹಾಕಿದ ಕ್ಷಣದಲ್ಲಿ ಮುಗಿದುಹೋಗುತ್ತದೆ, ಮೋಟಾರ್‌ವೇ ಮೇಲೆ ಎಂಜಿನ್ ಸುಮ್ಮನೆ ಸುತ್ತುತ್ತಿರುತ್ತದೆ. ಗೇರ್‌ಬಾಕ್ಸ್ ರೋವರ್ ಎಸ್‌ಡಿ1 ಕಾರಿನ ಐದು ಗೇರಿನ ಎಲ್‌ಟಿ77 ಅಥವಾ ಅದರ ನಂತರದ ಆರ್380 ಆಗಿದ್ದರೆ ಒಳ್ಳೆಯದು. ಮುಂದಿನ ಬ್ರೇಕ್ ಡಿಸ್ಕ್ ದಪ್ಪವಾಗಿರಬೇಕು, ಜಿಟಿ ವಿ8ಗೆ ಕಂಪನಿಯೇ ಹಾಗೆ ಮಾಡಿತ್ತು. ತಂತಿ ಚಕ್ರ ಚೆಂದ ಕಾಣುತ್ತದೆ, ಆದರೆ ವಿ8ನ ಎಳೆತಕ್ಕೆ ಅದು ತಕ್ಕದ್ದಲ್ಲ. ಕಂಪನಿ ಜಿಟಿ ವಿ8ಗೆ ತಂತಿ ಚಕ್ರ ಕೊಡಲೇ ಇಲ್ಲ. ವಿ8 ಇದ್ದು ತಂತಿ ಚಕ್ರವೂ ಇದ್ದರೆ, ಆ ಮಾರ್ಪಾಡು ಮಾಡಿದವರು ಉಳಿದ ಕಡೆಯೂ ಚೆಂದಕ್ಕೇ ಗಮನ ಕೊಟ್ಟಿರಬಹುದೆಂದು ನಾನು ಅನುಮಾನಿಸುತ್ತೇನೆ.

ಬಿಸಿಯೇ ವಿ8 ಎಂಜಿಬಿಯ ನಿಜವಾದ ಶತ್ರು. ಚಿಕ್ಕ ಜಾಗದಲ್ಲಿ ದೊಡ್ಡ ಎಂಜಿನ್, ಗಾಳಿಯಾಡಲು ಸಂದಿಲ್ಲ. ಎರಡು ವಿದ್ಯುತ್ ಫ್ಯಾನ್ ಇರಲೇಬೇಕು. ಎಕ್ಸಾಸ್ಟ್ ಕೊಳವೆಗಳು ಒಳಗೋಡೆಯಲ್ಲಿ ತೂತು ಮಾಡಿ ಚಕ್ರದ ಕಡೆಗೆ ಹೊರಬರುವ ವಿನ್ಯಾಸ ಬಿಸಿಯನ್ನು ಹೊರಹಾಕಲು ಹೆಚ್ಚು ಒಳ್ಳೆಯದು. ಒಳಗೇ ಇಳಿಯುವ ಕೊಳವೆಗಳಾದರೆ ಸ್ಟಿಯರಿಂಗ್ ಜಾಯಿಂಟಿಗೆ ಎಷ್ಟು ಹತ್ತಿರ ಹಾದುಹೋಗಿವೆ ಎಂದು ಬಗ್ಗಿ ನೋಡಿ. ಅಲ್ಯೂಮಿನಿಯಂ ಎಂಜಿನ್ ಒಮ್ಮೆ ಅತಿಯಾಗಿ ಕಾದರೆ ಹೆಡ್ ಗ್ಯಾಸ್ಕೆಟ್ ಹೋಗುವುದು, ಹೆಡ್ ಸೊಟ್ಟಗಾಗುವುದು ಸಾಮಾನ್ಯ. ಅರ್ಧ ಗಂಟೆ ಓಡಿಸಿ, ಆಮೇಲೆ ಟ್ರಾಫಿಕ್ಕಿನಲ್ಲಿ ನಿಂತಂತೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಿಸಿ ತೋರಿಸುವ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡದೆ ವಿ8 ಕೊಳ್ಳಬೇಡಿ.

ಆಯಿಲ್ ಪ್ರೆಶರ್ ವಿಷಯದಲ್ಲಿ ಗೊಂದಲ ಬೇಡ. ಬಿ-ಸೀರೀಸ್‌ನಲ್ಲಿ ಬಿಸಿಯಾದ ಮೇಲೆ ಓಡುವಾಗ ಚದರ ಇಂಚಿಗೆ 50 ಪೌಂಡಿನ ಮೇಲಿರಬೇಕು. ರೋವರ್ ವಿ8ನಲ್ಲಿ 30ರಿಂದ 40 ಇದ್ದರೆ ಆರೋಗ್ಯವೇ, ಅದರ ವಿನ್ಯಾಸವೇ ಹಾಗೆ. ಆದರೆ ಆಯಿಲ್ ಬದಲಾಯಿಸುವುದನ್ನು ತಪ್ಪಿಸಿದರೆ ಈ ಎಂಜಿನ್ ಕ್ಷಮಿಸುವುದಿಲ್ಲ, ಕ್ಯಾಮ್ ಮತ್ತು ಹೈಡ್ರಾಲಿಕ್ ಲಿಫ್ಟರ್ ಸವೆದು ಟಕಟಕ ಎನ್ನುತ್ತವೆ. 3.5 ಲೀಟರಿನದೇ ನೆಮ್ಮದಿಯದು. ರೇಂಜ್ ರೋವರ್‌ನಿಂದ ತಂದ 3.9, 4.6 ಲೀಟರಿನವುಗಳಲ್ಲಿ ಬಲ ಹೆಚ್ಚು, ಆದರೆ ಸಿಲಿಂಡರ್ ಲೈನರ್ ಜಾರುವ, ಅದರ ಹಿಂದೆ ಬಿರುಕು ಬಿಡುವ ತೊಂದರೆ ಅವುಗಳಲ್ಲಿ ಗೊತ್ತಿರುವ ಸಂಗತಿ. ಕಾರಣವಿಲ್ಲದೆ ನೀರು ಕಡಿಮೆಯಾಗುವುದು ಅದರ ಲಕ್ಷಣ.

ಎಲ್ಲ ಸರಿಯಿದ್ದರೆ? ಇದಕ್ಕಿಂತ ಸುಖದ ಹಳೇ ಕಾರು ಕಷ್ಟ. ನಾಲ್ಕನೇ ಗೇರಿನಲ್ಲೇ ಏರು ಹತ್ತುತ್ತದೆ, ಎಂಜಿನ್ ಬೆವರುವುದೇ ಇಲ್ಲ. ಮೈಲೇಜ್ ಗ್ಯಾಲನ್ನಿಗೆ 20ರಿಂದ 25 ಮೈಲಿ ಎಂದುಕೊಳ್ಳಿ, ಮಾಮೂಲಿ ಗಾಡಿ 25ರಿಂದ 30 ಕೊಡುತ್ತದೆ. ವರ್ಷಕ್ಕೆ ಎರಡು ಸಾವಿರ ಮೈಲಿ ಓಡಿಸುವವರಿಗೆ ಈ ವ್ಯತ್ಯಾಸ ದೊಡ್ಡದಲ್ಲ.

ಆರ್‌ವಿ8

ಬೇರೆಯವರ ವೆಲ್ಡಿಂಗ್ ಮೇಲೆ ನಂಬಿಕೆ ಇಲ್ಲದವರಿಗೆ ಕಂಪನಿಯದೇ ಉತ್ತರ ಇದು. 1993ರಿಂದ 1995ರವರೆಗೆ ಸುಮಾರು ಎರಡು ಸಾವಿರ ಮಾತ್ರ ತಯಾರಾದವು. ಹೆರಿಟೇಜ್ ಶೆಲ್ ಆಧಾರದ ಬಾಡಿ, 3.9 ಲೀಟರಿನ ಇಂಜೆಕ್ಷನ್ ವಿ8, 190 ಅಶ್ವಶಕ್ತಿ. ಬಹುಪಾಲು ಜಪಾನಿಗೆ ಹೋದವು. ಅಲ್ಲಿ ಜೋಪಾನವಾಗಿದ್ದು, ಹಲವು ಎಸಿ ಸಮೇತ ಮತ್ತೆ ಬ್ರಿಟನ್‌ಗೆ ಮರಳಿವೆ. ಒಳಗೆ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡ್. ಹಿಂದೆ ಮಾತ್ರ ಅದೇ ಹಳೇ ಪಟ್ಟಿ ಸ್ಪ್ರಿಂಗ್, ಅದೇ ಡ್ರಮ್ ಬ್ರೇಕ್. ಪವರ್ ಸ್ಟಿಯರಿಂಗ್ ಇಲ್ಲ, ಪಾರ್ಕ್ ಮಾಡುವಾಗ ತೋಳಿಗೆ ಕೆಲಸ.

ಬೆಲೆ ಹದಿನೈದು ಸಾವಿರ ಪೌಂಡಿನ ಮೇಲೆ, ಒಳ್ಳೆಯದಕ್ಕೆ ಇಪ್ಪತ್ತು ದಾಟುತ್ತದೆ. ಯಂತ್ರಭಾಗ ಸಿಗುತ್ತದೆ, ಆದರೆ ಈ ಮಾದರಿಗೇ ಸೀಮಿತವಾದ ಬಂಪರು, ದೀಪ, ಒಳಾಂಗಣದ ತುಣುಕುಗಳು ದುಬಾರಿ. ಇನ್ನೊಂದು ಮಾತು: ಇದಕ್ಕೆ 40 ವರ್ಷ ತುಂಬುವುದು 2033ರ ನಂತರ. ಅಲ್ಲಿಯವರೆಗೆ ರಸ್ತೆ ತೆರಿಗೆ ಕಟ್ಟಬೇಕು, ಪ್ರತಿ ವರ್ಷ ಎಂಒಟಿ (ಗಾಡಿ ರಸ್ತೆಗೆ ಯೋಗ್ಯವೇ ಎಂಬ ಕಡ್ಡಾಯ ತಪಾಸಣೆ) ಮಾಡಿಸಬೇಕು. ಲಂಡನ್ನಿನ ಯುಲೆಜ್ (ಹೊಗೆ ಹೆಚ್ಚು ಬಿಡುವ ಗಾಡಿಗೆ ಶುಲ್ಕ ಹಾಕುವ ವಲಯ) ಒಳಗೆ ಮನೆಯಿದ್ದರೆ, ಆ ಗಾಡಿಯ ನೋಂದಣಿ ಸಂಖ್ಯೆಯನ್ನು ಲಂಡನ್ ಸಾರಿಗೆ ಸಂಸ್ಥೆಯ (ಟಿಎಫ್‌ಎಲ್) ತಾಣದಲ್ಲಿ ಹಾಕಿ ನೋಡಿಯೇ ಮುಂದುವರಿಯಿರಿ.

ಇವಲ್ಲದೆ ಮಾಜ್ದಾದ ಆಧುನಿಕ ನಾಲ್ಕು ಸಿಲಿಂಡರ್ ಎಂಜಿನ್ ಹಾಕಿದವು, ಸೂಪರ್‌ಚಾರ್ಜರ್ ಕೂರಿಸಿದವು, ಬ್ಯಾಟರಿಗೆ ಬದಲಾಯಿಸಿದವು ಕೂಡ ಕಣ್ಣಿಗೆ ಬೀಳುತ್ತವೆ. ಪ್ರತಿಯೊಂದೂ ಒಬ್ಬೊಬ್ಬರ ಕೈಚಳಕ, ಹಾಗಾಗಿ ಸಾಮಾನ್ಯ ಸಲಹೆ ಕೊಡಲು ಬರುವುದಿಲ್ಲ. ಮಾಡಿದವರೇ ಇನ್ನೂ ಸರ್ವಿಸ್ ಮಾಡಿಕೊಡುತ್ತಾರೆ ಎಂದರೆ ಮಾತ್ರ ಯೋಚಿಸಿ.

ಕಾಗದದ ಕಡೆ

ಬ್ರಿಟನ್‌ನಲ್ಲಿ 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆಯ ವಿನಾಯಿತಿ ಕೇಳಬಹುದು, ಆ ವರ್ಗಕ್ಕೆ ಸೇರಿದರೆ ಯುಲೆಜ್ ಶುಲ್ಕವೂ ಇಲ್ಲ. ಎಂಒಟಿ ವಿನಾಯಿತಿಗೆ ಮಾತ್ರ ಇನ್ನೊಂದು ಷರತ್ತಿದೆ: ಹಿಂದಿನ 30 ವರ್ಷಗಳಲ್ಲಿ ಗಾಡಿಯಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅದೇ ಮೂಲ ಎಂಜಿನ್ನಿನ ಸಿಸಿ ಹೆಚ್ಚಿಸಿದರೆ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಅದು ಗಣನೀಯ ಬದಲಾವಣೆಯಲ್ಲ. ಹಾಗಾಗಿ 1,950 ಸಿಸಿಯ ಬಿ-ಸೀರೀಸ್ ನಿರಾತಂಕ. ಸಿಲಿಂಡರ್ ಸಂಖ್ಯೆಯೇ ಬೇರೆಯಾದರೆ ಅದು ಮೂಲಕ್ಕೆ ಸಮನಾದ ಎಂಜಿನ್ ಅಲ್ಲದಿರುವ ಸಾಧ್ಯತೆ ಹೆಚ್ಚು ಎನ್ನುತ್ತದೆ ಮಾರ್ಗಸೂಚಿ. ಆದರೆ ಆ ಬಗೆಯ ಗಾಡಿ ತಯಾರಾಗುತ್ತಿದ್ದಾಗ ಅಥವಾ ತಯಾರಿಕೆ ನಿಂತ ಹತ್ತು ವರ್ಷದೊಳಗೆ ಅಂಥ ಮಾರ್ಪಾಡು ರೂಢಿಯಲ್ಲಿತ್ತೆಂದು ತೋರಿಸಿದರೆ ವಿನಾಯಿತಿಗೆ ದಾರಿಯಿದೆ. ಕಾಸ್ಟೆಲ್ಲೊ ಗಾಡಿಗಳು, ಕಂಪನಿಯ ಜಿಟಿ ವಿ8 ಈ ವಾದಕ್ಕೆ ಒದಗುತ್ತವೆ. ಘೋಷಣೆಗೆ ಸಹಿ ಹಾಕುವವರು ನೀವು, ಆದ್ದರಿಂದ ಗೊಂದಲವಿದ್ದರೆ ಪ್ರತಿ ವರ್ಷ ಎಂಒಟಿ ಮಾಡಿಸಿಬಿಡಿ. ವಿನಾಯಿತಿ ಇದ್ದರೂ ನಾನು ಅದನ್ನೇ ಹೇಳುತ್ತೇನೆ. ಬ್ರೇಕು, ಸ್ಟಿಯರಿಂಗು, ತುಕ್ಕನ್ನು ಇನ್ನೊಬ್ಬರ ಕಣ್ಣು ವರ್ಷಕ್ಕೊಮ್ಮೆ ನೋಡುವುದಕ್ಕೆ ಆ ಶುಲ್ಕ ಏನೂ ಅಲ್ಲ.

ನಮ್ಮ ಆರ್‌ಸಿ ಬುಕ್ಕಿನಂತೆ ಇಲ್ಲಿರುವುದು ವಿ5ಸಿ. ಅದರಲ್ಲಿ ಬರೆದ ಎಂಜಿನ್ ಸಂಖ್ಯೆ ಮತ್ತು ಸಿಸಿ, ಬಾನೆಟ್ ಕೆಳಗಿರುವುದಕ್ಕೆ ತಾಳೆಯಾಗಬೇಕು. ವಿ8 ಗಾಡಿಯ ವಿ5ಸಿಯಲ್ಲಿ ಇನ್ನೂ 1,798 ಎಂದಿದ್ದರೆ ಹಿಂದಿನ ಮಾಲೀಕರು ತಿಳಿಸಿಲ್ಲ ಎಂದರ್ಥ. ನಾಳೆ ವಿಮೆ ಕೇಳುವ ಹೊತ್ತಿಗೆ ಅದೇ ನೆಪವಾಗುತ್ತದೆ. ಗಾಡಿ ಕಾರ್ಖಾನೆ ಬಿಟ್ಟಾಗ ಹೇಗಿತ್ತು ಎಂದು ತಿಳಿಯಲು ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ತಯಾರಿಕೆಯ ದಾಖಲೆ ನೋಡಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಮೂಲ ಬಣ್ಣ, ಎಂಜಿನ್ ಸಂಖ್ಯೆ, ಯಾವ ದೇಶಕ್ಕೆಂದು ತಯಾರಾಯಿತು ಎಲ್ಲ ಅದರಲ್ಲಿರುತ್ತದೆ.

ಮುಂದೊಂದು ದಿನ ಗಾಡಿಯನ್ನು ಬೆಂಗಳೂರಿಗೋ ಮೈಸೂರಿಗೋ ಒಯ್ಯುವ ಆಲೋಚನೆ ಇರುವವರು ಒಂದು ವಿಷಯ ಈಗಲೇ ತಿಳಿದಿರಲಿ. ಭಾರತದಲ್ಲಿ 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ಮಾತ್ರ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ. ಚಾಸಿ, ಬಾಡಿ ಅಥವಾ ಎಂಜಿನ್ ಬದಲಾಗಿದ್ದರೆ ಆ ವರ್ಗಕ್ಕೆ ಸೇರುವುದಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆ ನೋಂದಣಿಯಲ್ಲಿ ದಿನನಿತ್ಯದ ಓಡಾಟಕ್ಕೂ ಅವಕಾಶವಿಲ್ಲ. ಆಮದಿನ ಅನುಮತಿ, ಸುಂಕದ್ದು ಬೇರೆಯೇ ಲೆಕ್ಕ. ಈ ಆಸೆ ಇದ್ದರೆ ಬಲಗೈ ಸ್ಟಿಯರಿಂಗಿನ, ಮೂಲ ಎಂಜಿನ್ನಿನ ಕ್ರೋಮ್ ಬಂಪರ್ ಗಾಡಿ ಬಿಟ್ಟು ಬೇರೆ ಯಾವುದನ್ನೂ ನೋಡಬೇಡಿ.

ಯಾರಿಗೆ ಯಾವುದು

ಎಂಟು ಸಾವಿರ ಪೌಂಡಿನೊಳಗೆ ಕೊಳ್ಳುವವರು, ಇದು ಮೊದಲ ಹಳೇ ಕಾರು ಎನ್ನುವವರು: ತುಕ್ಕಿಲ್ಲದ ರಬ್ಬರ್ ಬಂಪರ್, ಮಾಮೂಲಿ ಎಂಜಿನ್, ಓವರ್‌ಡ್ರೈವ್. ಒಂದು ಸಾವಿರವನ್ನು ಮೊದಲ ವರ್ಷದ ರಿಪೇರಿಗೆ ಪಕ್ಕಕ್ಕಿಡಿ. ಈ ಬೆಲೆಯಲ್ಲಿ ವಿ8 ಸಿಕ್ಕರೆ ಅದು ಅಗ್ಗವಲ್ಲ, ಯಾರೋ ಕೈಬಿಟ್ಟ ಕೆಲಸ.

ಹನ್ನೆರಡು ಸಾವಿರದ ಸುತ್ತ ಇದ್ದು, ನಿಮ್ಮ ಓಡಾಟ ಹೆಚ್ಚಾಗಿ ನೂರು ಮೈಲಿಯೊಳಗಿನದಾದರೆ, ಹದವಾಗಿ ಬಲಪಡಿಸಿದ ಬಿ-ಸೀರೀಸ್ ಇರುವ ಕ್ರೋಮ್ ಬಂಪರ್ ನೋಡಿ. ಸ್ವಂತ ಕೈಯಲ್ಲಿ ಸರ್ವಿಸ್ ಮಾಡುವವರಿಗೂ ಇದೇ ಸಲೀಸು, ಬಾನೆಟ್ ಕೆಳಗೆ ಕೈ ಆಡಿಸಲು ಜಾಗ ಉಂಟು. ವಿ8ನಲ್ಲಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಬೆರಳ ಗೆಣ್ಣು ತರಚಿಕೊಳ್ಳಬೇಕು.

ಇಬ್ಬರೇ ಕೂತು ವೇಲ್ಸ್, ಸ್ಕಾಟ್ಲೆಂಡ್ ಎಂದು ದೂರದೂರ ಹೋಗುವವರಿಗೆ ವಿ8 ಮಾರ್ಪಾಡೇ ಸರಿ. ಬಿಲ್ಲುಗಳ ದಪ್ಪ ಕಡತ ಇರಬೇಕು, ಕೂರಿಸಿ ಕೆಲವು ವರ್ಷವಾದರೂ ಓಡಿರಬೇಕು. ನಿನ್ನೆ ಮೊನ್ನೆ ಮುಗಿದ ಮಾರ್ಪಾಡಿನ ಸಣ್ಣಪುಟ್ಟ ದೋಷಗಳೆಲ್ಲ ಹೊರಬರುವುದು ನಿಮ್ಮ ಕೈಯಲ್ಲಿ. ಈ ಕಾರಣಕ್ಕೆ ಮಾಮೂಲಿ ಗಾಡಿ ಕೊಂಡು ಆಮೇಲೆ ವಿ8 ಹಾಕಿಸುತ್ತೇನೆ ಎನ್ನುವವರನ್ನೂ ನಾನು ತಡೆಯುತ್ತೇನೆ. ಹಾಕಿಸಿದ ಖರ್ಚು ಮಾರುವಾಗ ಮರಳುವುದಿಲ್ಲ, ಬೇರೊಬ್ಬರು ಆಗಲೇ ಖರ್ಚು ಮಾಡಿಟ್ಟದ್ದನ್ನು ಕೊಳ್ಳುವುದೇ ಲಾಭ.

ಸ್ಪ್ಯಾನರ್ ಹಿಡಿಯಲಾರೆ, ಮಾರ್ಪಾಡಿನ ಚರಿತ್ರೆ ಓದುತ್ತ ಕೂರಲಾರೆ, ಆದರೆ ವಿ8ನ ಸದ್ದು ಬೇಕು ಎನ್ನುವವರಿಗೆ ಆರ್‌ವಿ8. ಒಣ ಗ್ಯಾರೇಜ್ ಇರಲಿ. ರಸ್ತೆ ಬದಿಯಲ್ಲಿ ವರ್ಷವಿಡೀ ನಿಲ್ಲಿಸುವುದಾದರೆ ಈ ನಾಲ್ಕರಲ್ಲಿ ಯಾವುದನ್ನೂ ಕೊಳ್ಳಬೇಡಿ.

ನೋಡಲು ಹೋಗುವ ದಿನ ಎಂಜಿನ್ ಚಾಲೂ ಮಾಡಿಡಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿ. ತಣ್ಣಗಿರುವಾಗ ಹೇಗೆ ಎದ್ದೇಳುತ್ತದೆ, ಮೊದಲ ಹೊಗೆ ಯಾವ ಬಣ್ಣ ಎಂದು ನೋಡಬೇಕು. ಬಿಸಿಯಾದ ಮೇಲೆ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಬಿಸಿಯಲ್ಲಿ ಎದ್ದೇಳದ ವಿ8ಗಳು ಬೇಕಾದಷ್ಟಿವೆ. ಹತ್ತಿರದ ಎಂಜಿ ಕ್ಲಬ್ಬಿನ ಅನುಭವಸ್ಥರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಕೇಳಿದರೆ ಸಂತೋಷದಿಂದ ಬರುತ್ತಾರೆ. ಮುಂಗಡ ಕೊಡುವ ಮೊದಲು ಕ್ಲಾಸಿಕ್ ಕಾರಿನ ವಿಮೆ ಮಾಡುವವರಿಗೆ ಫೋನ್ ಮಾಡಿ ಪ್ರತಿಯೊಂದು ಮಾರ್ಪಾಡನ್ನೂ ಹೇಳಿ, ಬೆಲೆಯನ್ನು ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ಕೇಳಿ. ಕೆಲವರು ವಿ8 ಮಾರ್ಪಾಡಿಗೆ ಎಂಜಿನಿಯರ್ ವರದಿ ಕೇಳುತ್ತಾರೆ. ಆ ವರದಿಯ ಖರ್ಚನ್ನು ಮಾರುವವರೊಡನೆ ಹಂಚಿಕೊಳ್ಳುವ ಮಾತು ಚೌಕಾಸಿಯ ಹೊತ್ತಿನಲ್ಲೇ ಎತ್ತಿ.